ಏಳನೇ ನಂಬರಿನ ಚೀಟಿ

ಚೀಟಿ ಅಣ್ಣನ ಅಂಗಡಿಯಲ್ಲಿ ಯಾವ ಸಾಮಾನಿನ ಮೇಲೂ ಯಜಮಾನನ ಹೆಸರು ಇರುತ್ತಿರಲಿಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಏನೇ ರಿಪೇರಿಗೆ ಬರಲಿ, ಅದಕ್ಕೆ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದ. ಚೀಟಿಯ ಮೇಲೆ ಒಂದು ನಂಬರು, ಅಷ್ಟೇ. ಯಾವ ನಂಬರು ಯಾರದೆಂಬುದು ಅವನ ತಲೆಯಲ್ಲಿರುತ್ತಿತ್ತು. "ಹೆಸರು ಬರೆದಿಟ್ರೆ ಬಂದವರೆಲ್ಲ ಓದ್ತಾರೆ. ಅವರ ಮನೇಲಿ ಟಿವಿ ಒಡೆದಿದೆಯಂತೆ, ಯಾರು ಯಾರ ಮೇಲೆ ಏನು ಎಸೆದ್ರೋ ಅಂತ ಕಥೆ ಕಟ್ತಾರೆ. ನಮಗ್ಯಾಕೆ ಬೇಕು?" ಅನ್ನುತ್ತಿದ್ದ.

ರಿಪೇರಿ ಮುಗಿದ ಮೇಲೂ ಅವನು ಚೀಟಿ ಬಿಚ್ಚುತ್ತಿರಲಿಲ್ಲ. ಸರಿಹೋದದ್ದು ನಿಜಕ್ಕೂ ಸರಿಹೋಗಿದೆಯೇ ಎಂದು ಮೂರು ತಿಂಗಳು ನೋಡಬೇಕು, ಆಮೇಲೆ ಅವನೇ ಬಂದು ಬಿಚ್ಚಬೇಕು. ಅದು ಅವನ ಕಾನೂನು. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಫ್ಯಾನು ತಿರುಗುವಾಗ ಅದರ ಜೊತೆ ಒಂದು ಚೀಟಿಯೂ ತಿರುಗುತ್ತಿತ್ತು. ನಾವು ನಗುತ್ತಿದ್ದೆವು. ಈಗ ನನಗೆ ನಗು ಬರುವುದಿಲ್ಲ. ಈ ಎರಡು ಒಳ್ಳೆಯ ಬುದ್ಧಿಗಳೇ ಸೇರಿ ಅವನ ಸ್ವಂತ ಅಕ್ಕನ ಬಾಳಿಗೆ ಕೊಳ್ಳಿ ಇಟ್ಟವು. ಹೊಟ್ಟೆಯುರಿಯಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡವಳು ನಾನು.

ಅವನ ಅಕ್ಕನನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ತಾಯಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ಅವನಿಗೆ ಎಂಟು. ಅವಳು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ ತಮ್ಮನನ್ನು ಸಾಕಿದಳು, ಓದಿಸಿದಳು. ಅವನು ಒಂದು ಟಿವಿ ಕಾರ್ಖಾನೆಯಲ್ಲಿ ಕೆಲಸ ಕಲಿತ, ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿ ಹಾಕಿದ. ಮದುವೆಯಾಗಲಿಲ್ಲ. ದೊಡ್ಡಕ್ಕನಿಗೆ ಮದುವೆಯಾಗಿ, ಗಂಡ ಬೇಗ ಹೋಗಿಬಿಟ್ಟ. ತಮ್ಮನ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವಳ ಸಂಸಾರ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಇತ್ತು.

ನಾನೂ ಅದೇ ವಿಭಾಗದವಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವು ಹತ್ತೊಂಬತ್ತು ಹೆಂಗಸರು. ಗೋಡೆಯ ಆ ಕಡೆ ಕೊಳೆ ಬಟ್ಟೆ, ಈ ಕಡೆ ಶುಭ್ರ ಬಟ್ಟೆ, ನಡುವೆ ಮನೆಯಷ್ಟು ದೊಡ್ಡ ಯಂತ್ರಗಳು. ಕೊಳೆ ಕಡೆಯವರು ವಾರ್ಡಿನಿಂದ ಬಂದ ಹಾಸಿಗೆ ಬಟ್ಟೆಗಳನ್ನು ಕೊಡವಿ ಬೇರೆ ಮಾಡಬೇಕು. ಅದರೊಳಗೆ ಏನೇನು ಇರುತ್ತದೆ ಎಂದು ಊಟ ಮಾಡುವವರ ಮುಂದೆ ಹೇಳುವ ಹಾಗಿಲ್ಲ. ಹತ್ತಿ, ಹಲ್ಲಿನ ಸೆಟ್ಟು, ಒಮ್ಮೊಮ್ಮೆ ಚುಚ್ಚಿ ಬಿಸಾಕಿದ ಸೂಜಿ. ಸೂಜಿ ತಗುಲಿದರೆ ಪುಸ್ತಕದಲ್ಲಿ ಬರೆಸಬೇಕು ಎಂಬ ನಿಯಮವಿತ್ತು. ಆ ಪುಸ್ತಕ ಯಾವಾಗ ಕೇಳಿದರೂ "ಮೇಲಿನ ಆಫೀಸಿಗೆ ಹೋಗಿದೆ" ಎಂಬ ಉತ್ತರ. ನಾನು ಕೇಳುತ್ತಲೇ ಇದ್ದೆ. ಅದಕ್ಕೇ ಸೂಪರ್‌ವೈಸರು ನನಗೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದ.

ಕೈಗೆ ಗಟ್ಟಿ ಗ್ಲೌಸು ಕೇಳೋಣ, ವಕೀಲರೊಬ್ಬರ ಸಲಹೆ ಪಡೆಯೋಣ ಎಂದು ನಾವು ಗುಟ್ಟಾಗಿ ಮಾತಾಡಿಕೊಂಡೆವು. ಆಗ ಫೋನಿನಲ್ಲಿ ಮಾತು, ಫೋಟೋ ಕಳಿಸಿಕೊಳ್ಳಲು ಎಲ್ಲರೂ ಇದ್ದದ್ದು ಲೋಕವೆಲ್ಲ ಇರುವ ಆ ದೊಡ್ಡ ಕಂಪನಿಯ ಜಾಲದಲ್ಲಿ. ಒಂದು ಬೆಳಿಗ್ಗೆ ಸೂಪರ್‌ವೈಸರು ಹಾಜರಿ ಸಾಲಿನ ಮುಂದೆ ನಿಂತು ತನ್ನ ಫೋನು ಎತ್ತಿ ಹಿಡಿದ.

"ನೋಡ್ರಮ್ಮಾ, ಕಾರ್ಮಿಕರ ಕೇಸು ನಡೆಸೋ ವಕೀಲರೊಬ್ಬರು ನನಗೆ ಗೊತ್ತಿರಬಹುದು ಅಂತ ಇದು ಹೇಳ್ತಿದೆ. ಅವರ ಮುಖಾನೇ ನಾನು ನೋಡಿಲ್ಲ. ಹಾಗಾದ್ರೆ ನನಗೆ ಗೊತ್ತಿರೋರಲ್ಲಿ ಬೇಕಾದಷ್ಟು ಜನಕ್ಕೆ ಅವರು ಗೊತ್ತು ಅಂತಾಯ್ತು. ಯಾರ್ರಮ್ಮಾ ಅವರು?"

ಹತ್ತೊಂಬತ್ತು ಜನವೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಿಂತೆವು. ನಾವು ಒಂದು ಮಾತೂ ಹೊರಗೆ ಬಿಟ್ಟಿರಲಿಲ್ಲ. ಆದರೆ ನಮ್ಮ ಫೋನುಗಳಲ್ಲಿ ವಕೀಲರ ನಂಬರೂ ಇತ್ತು, ಸೂಪರ್‌ವೈಸರನ ನಂಬರೂ ಇತ್ತು. ಕಂಪನಿ ಎರಡನ್ನೂ ನೋಡಿ ಗಂಟು ಹಾಕಿತ್ತು.

ಇದನ್ನು ಕೇಳಿ ಚೀಟಿ ಅಣ್ಣನಿಗೆ ರೋಷ ಬಂತು. "ಮಾತು ಓದಬೇಕಾಗಿಯೇ ಇಲ್ಲ ಅವರಿಗೆ. ಯಾರು, ಯಾರಿಗೆ, ಯಾವಾಗ, ಎಷ್ಟು ಸಲ, ಇಷ್ಟು ಸಿಕ್ಕಿದ್ರೆ ಸಾಕು, ನಿಮ್ಮ ಜಾತಕ ಬರೀತಾರೆ" ಎಂದ. ಹದಿನೈದು ದಿನ ಅಂಗಡಿಯ ಹಿಂದೆ ಕೂತು, ಯಾರೋ ಬಿಟ್ಟುಹೋಗಿದ್ದ ಹಳೆ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿ, ನಮ್ಮ ಫೋನುಗಳಿಂದ ಹೋಗಿಬರುವ ಸಂದೇಶಗಳಿಗೆಂದೇ ಒಂದು ಸರ್ವರ್ ಮಾಡಿದ. ಇಂಥ ಸಾವಿರಾರು ಸಣ್ಣ ಸರ್ವರ್‌ಗಳು ಲೋಕದಲ್ಲಿವೆಯಂತೆ. ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ, ಒಂದರಿಂದ ಇನ್ನೊಂದಕ್ಕೆ ಕಾಗದ ಹೋಗುತ್ತದೆ, ನಡುವೆ ದೊಡ್ಡ ಧಣಿ ಅಂತ ಯಾರೂ ಇಲ್ಲ.

"ಇದು ನಿಮ್ಮನೆ ಇದ್ದಂಗೆ. ಕಾಗದಕ್ಕೆಲ್ಲ ಬೀಗ ಇರ್ತದೆ, ಕೀಲಿ ನಿಮ್ಮ ಫೋನಲ್ಲಿ. ನಾನು ತಲೆಕೆಳಗಾಗಿ ನಿಂತ್ರೂ ಓದಕ್ಕಾಗಲ್ಲ" ಎಂದು ಅವನು ಹೇಳಿದ. ಅವನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾವೂ ನಂಬಿದೆವು. ದೊಡ್ಡಕ್ಕನಂತೂ ಬೀದಿಯಲ್ಲಿ ಕಂಡವರಿಗೆಲ್ಲ "ನನ್ನ ತಮ್ಮ ಮಾಡಿದ್ದು" ಎನ್ನುತ್ತಿದ್ದಳು.

ಅವನು ಸುಳ್ಳು ಹೇಳಿರಲಿಲ್ಲ. ಬೀಗ ನಿಜಕ್ಕೂ ಇತ್ತು. ಆದರೆ ಲಕೋಟೆಗೆ ಬೀಗ ಹಾಕಬಹುದು, ಲಕೋಟೆ ಹೋದದ್ದನ್ನು ಬಚ್ಚಿಡುವುದು ಹೇಗೆ? ಮೊದಲ ತಿಂಗಳು ಆ ಕಂಪ್ಯೂಟರು ದಿನಾ ಮಧ್ಯಾಹ್ನ ನಿಂತುಹೋಗುತ್ತಿತ್ತು. ಯಾಕೆಂದು ಹುಡುಕಲು ಅವನು ಒಳಗಿನ ದಾಖಲೆಯನ್ನು ಪೂರ್ತಿ ತೆರೆದಿಟ್ಟ. ಯಾವ ಖಾತೆಯಿಂದ ಎಷ್ಟು ಗಂಟೆಗೆ ಯಾವ ಸರ್ವರಿಗೆ ಕಾಗದ ಹೋಯಿತು ಎಂಬುದೆಲ್ಲ ಅದರಲ್ಲಿ ತಾನಾಗಿ ಬರೆದುಕೊಳ್ಳುತ್ತದೆ. ಹತ್ತು ದಿನಕ್ಕೆ ತೊಂದರೆ ಸಿಕ್ಕಿತು. ಬೆಸುಗೆ ಹಾಕುವ ಕಡ್ಡಿಗೂ ಕಂಪ್ಯೂಟರಿಗೂ ಒಂದೇ ಪ್ಲಗ್ಗು ಕೊಟ್ಟಿದ್ದ, ಅಷ್ಟೇ ಕಥೆ. ಪ್ಲಗ್ಗು ಬದಲಾಯಿಸಿದ. ದಾಖಲೆಯನ್ನು ಮಾತ್ರ ನಿಲ್ಲಿಸಲಿಲ್ಲ, ಮೂರು ತಿಂಗಳು ನೋಡಬೇಕಲ್ಲ.

ಆ ಮೂರು ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ನನಗೆ ಸೂಜಿ ಚುಚ್ಚಿತು. ಮಧ್ಯಾಹ್ನ ಮೂರೂವರೆ. ಗ್ಲೌಸು ಹರಿದು ಅಂಗೈಯಲ್ಲಿ ಅರ್ಧ ಸೂಜಿ ಇಳಿದಿತ್ತು. ನನ್ನನ್ನು ಮೇಲಿನ ಡ್ರೆಸಿಂಗ್ ಕೋಣೆಗೆ ಕರೆದೊಯ್ದರು, ಐದು ಗಂಟೆಯವರೆಗೆ ಅಲ್ಲೇ ಕೂತಿದ್ದೆ. ಪುಸ್ತಕ ಕೇಳಿದೆ. ಮೇಲಿನ ಆಫೀಸಿಗೆ ಹೋಗಿತ್ತು. ಅತ್ತ ದೊಡ್ಡಕ್ಕ ನಾಲ್ಕು ಗಂಟೆಗೆ ಪಾಳಿ ಮುಗಿಸಿ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನನ್ನ ರಕ್ತದ ಗ್ಲೌಸು, ಅದರಲ್ಲಿ ನಿಂತಿದ್ದ ಸೂಜಿ ಎರಡನ್ನೂ ಬೆಂಚಿನ ಮೇಲಿಟ್ಟು ಫೋಟೋ ತೆಗೆದು ಒಬ್ಬ ವರದಿಗಾರರಿಗೆ ಕಳಿಸಿದಳು. ಆ ಪತ್ರಿಕೆಯವರದೂ ಅಂಥದೇ ಒಂದು ಸ್ವಂತ ಸರ್ವರ್ ಇತ್ತು. ಮರುದಿನ ಫೋಟೋ ಅಚ್ಚಾಯಿತು.

ಗ್ಲೌಸು ನನ್ನದು, ಗಾಯ ನನ್ನದು, ಬಾಯಿ ಮೊದಲೇ ನನ್ನದು. ಇನ್ನು ಅನುಮಾನ ಯಾರ ಮೇಲೆ ಬರಬೇಕು? ನನ್ನನ್ನು ಕೆಲಸದಿಂದ ಹೊರಗಿಟ್ಟು, ವಿಚಾರಣೆಗೆ ಬಾ ಎಂದು ಕಾಗದ ಕೊಟ್ಟರು.

ವಿಚಾರಣೆಯ ಹಿಂದಿನ ದಿನ ಸಂಜೆ ಅಂಗಡಿಯಲ್ಲಿ ಮೂವರೂ ಕೂತಿದ್ದೆವು. ದೊಡ್ಡಕ್ಕ ಹೇಳಿದಳು:

"ನಾಳೆ ನಾನೇ ಹೋಗಿ ಹೇಳ್ಬಿಡ್ತೀನಿ. ಫೋಟೋ ತೆಗೆದಿದ್ದು ನಾನು, ಕಳಿಸಿದ್ದು ನಾನು. ಏನು ಗಲ್ಲಿಗೆ ಹಾಕ್ತಾರಾ? ಇವಳಿಗೆ ಎರಡು ಚಿಕ್ಕ ಮಕ್ಕಳಿವೆ."

"ಅಕ್ಕಾ, ಸ್ವಲ್ಪ ಸುಮ್ನಿರು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಇವಳು ಕಳಿಸಿಲ್ಲ ಅಂತ ನನ್ನ ಹತ್ರ ಪುರಾವೆ ಇದೆ. ನಿನ್ನ ಹೆಸರೂ ಬರಲ್ಲ" ಎಂದ ಚೀಟಿ ಅಣ್ಣ.

"ಯಾವ ಪುರಾವೆ?"

"ಅದು ನನಗೆ ಬಿಡು."

ಬೇಡ ದೊಡ್ಡಕ್ಕ ಎಂದು ನಾನು ಅನ್ನಲಿಲ್ಲ. ಹೌದು, ನೀನೇ ಹೇಳು ಎಂದೂ ಅನ್ನಲಿಲ್ಲ. ಬಾಯಿಬಡುಕಿ ಅಂತ ಹೆಸರು ಹೊತ್ತವಳು ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಒಳಗೊಳಗೇ ನನ್ನ ಕೆಲಸ ಉಳಿದರೆ ಸಾಕು ಅನ್ನಿಸುತ್ತಿತ್ತು. ಇದನ್ನು ಬರೆಯದಿದ್ದರೆ ಮಿಕ್ಕದ್ದು ಬರೆದೂ ಸುಖವಿಲ್ಲ.

ವಿಚಾರಣೆ ನಡೆಸಿದವರು ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಒಬ್ಬ ಹೆಂಗಸು. ಕೂತ ಕೂಡಲೆ ನೀರು ಕೊಟ್ಟರು. ಚೀಟಿ ಅಣ್ಣ ನನ್ನ ಸಾಕ್ಷಿ. ಅವನು ಒಂದು ಕಟ್ಟು ಕಾಗದ ಮೇಜಿನ ಮೇಲಿಟ್ಟ. ಮೂರು ತಿಂಗಳ ದಾಖಲೆ. ಯಾರ ಹೆಸರೂ ಇಲ್ಲ, ಖಾತೆಯ ಅಡ್ಡಹೆಸರನ್ನೂ ತೆಗೆದು ಒಂದರಿಂದ ಹತ್ತೊಂಬತ್ತರವರೆಗೆ ನಂಬರು ಕೊಟ್ಟಿದ್ದ, ಅಂಗಡಿಯಲ್ಲಿ ಮಾಡುವ ಹಾಗೆಯೇ.

"ಈಯಮ್ಮ ಹನ್ನೆರಡನೇ ನಂಬರು. ಬೇಕಾದ್ರೆ ಈಯಮ್ಮನ ಫೋನ್ ಇಟ್ಟು ತಾಳೆ ನೋಡಿ. ಮೂರು ತಿಂಗಳಲ್ಲಿ ಒಂದು ಸಲಾನೂ ಪತ್ರಿಕೆ ಸರ್ವರಿಗೆ ಈ ನಂಬರಿಂದ ಏನೂ ಹೋಗಿಲ್ಲ. ಅವತ್ತು ನಾಲ್ಕು ಗಂಟೆ ಹದಿನೆಂಟು ನಿಮಿಷಕ್ಕೆ ಹೋಗಿದೆ, ಆದ್ರೆ ಅದು ಬೇರೆ ನಂಬರಿಂದ."

"ಯಾವ ನಂಬರಿಂದ?"

"ಏಳು. ಅದು ಯಾರು ಅಂತ ನಾನು ಹೇಳಲ್ಲ. ಕಾಗದ ಬಿಚ್ಚಿ ಓದೋಕೆ ನನ್ನ ಕೈಲೂ ಆಗಲ್ಲ, ದೇವರಾಣೆಗೂ ಆಗಲ್ಲ."

ಆ ಹೆಂಗಸು ನನ್ನ ಫೋನು ಪಡೆದು ಒಂದೊಂದೇ ಸಾಲು ಹೋಲಿಸಿ ನೋಡಿದರು. ಹನ್ನೆರಡನೇ ನಂಬರು ನಾನೇ ಎಂಬುದು ಖಾತ್ರಿಯಾಯಿತು. "ಒಳ್ಳೆ ಕೆಲಸ ಮಾಡಿದೀರಿ. ಹೇಳಬೇಡಿ, ನಾನು ಕೇಳೋದೂ ಇಲ್ಲ. ಈ ಕಾಗದಗಳು ನನ್ನ ಹತ್ರ ಇರಲಿ" ಎಂದರು. ಅವತ್ತೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಹೊರಗೆ ಬಂದಾಗ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಚೀಟಿ ಅಣ್ಣ ಮೆಟ್ಟಿಲಿಳಿಯುತ್ತ ಸಣ್ಣಗೆ ಸಿಳ್ಳೆ ಹಾಕಿದ.

ನಾಲ್ಕು ದಿನ ಬಿಟ್ಟು ದೊಡ್ಡಕ್ಕನಿಗೆ ಕರೆ ಬಂತು. ನಾನು ಸಾಕ್ಷಿ ಸಹಿ ಹಾಕಬೇಕೆಂದು ನನ್ನನ್ನೂ ಕೂರಿಸಿದರು. ಮೇಜಿನ ಮೇಲೆ ಎರಡು ಪಟ್ಟಿ ಪಕ್ಕಪಕ್ಕ ಇದ್ದವು. ಒಂದು ಚೀಟಿ ಅಣ್ಣನದು, ಇನ್ನೊಂದು ನಮ್ಮ ಹಾಜರಿ ಯಂತ್ರದ್ದು, ನಾವು ದಿನಾ ಬೆರಳು ಒತ್ತುವುದು. ಏಳನೇ ನಂಬರು ಮೂರು ತಿಂಗಳಲ್ಲಿ ಆರು ದಿನ ಮಾತ್ರ ಮೌನವಾಗಿತ್ತು. ಆ ಆರು ದಿನ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ರಜೆಯಲ್ಲಿದ್ದವಳು ದೊಡ್ಡಕ್ಕ ಒಬ್ಬಳೇ. ಬೆಳಗಿನ ಪಾಳಿಯ ವಾರಗಳಲ್ಲಿ ಏಳನೇ ನಂಬರು ಐದೂಮುಕ್ಕಾಲಿಗೆ ಬರೆಯುತ್ತದೆ, ಐದು ಐವತ್ತೈದಕ್ಕೆ ದೊಡ್ಡಕ್ಕನ ಬೆರಳು ಯಂತ್ರದ ಮೇಲೆ. ಪಾಳಿ ಬದಲಾದರೆ ಅದೂ ಬದಲು. ಸಣ್ಣ ಮಕ್ಕಳೂ ಮಾಡಬಹುದಾದ ಲೆಕ್ಕ.

ಆ ದೊಡ್ಡ ಕಂಪನಿಯ ರಾಶಿಯಲ್ಲಿ ನಾವು ಕೋಟಿಗೊಂದು ಕಾಳು. ಇಲ್ಲಿ ನಾವು ಹತ್ತೊಂಬತ್ತೇ ಜನ. ಹತ್ತೊಂಬತ್ತು ಜನರ ಮನೆಯಲ್ಲಿ ಕತ್ತಲೆಯಲ್ಲಿ ಕೆಮ್ಮಿದರೂ ಯಾರು ಕೆಮ್ಮಿದ್ದೆಂದು ತಿಳಿಯುವುದಿಲ್ಲವೇ? ನಂಬರು ಕೊಟ್ಟ ಮಾತ್ರಕ್ಕೆ ಕೆಮ್ಮು ಬದಲಾಗುತ್ತದೆಯೇ? ಇಷ್ಟು ಓದಿದವನಿಗೆ, ಅಷ್ಟು ಬುದ್ಧಿ ಇದ್ದವನಿಗೆ ಇದು ಹೊಳೆಯಲಿಲ್ಲ.

ದೊಡ್ಡಕ್ಕ ತಲೆ ತಗ್ಗಿಸಲಿಲ್ಲ. "ಹೌದು, ನಾನೇ ಕಳಿಸಿದ್ದು. ಸೂಜಿ ಸುಳ್ಳಲ್ಲವಲ್ಲ" ಎಂದಳು. ಅಲ್ಲಿಗೇ ಮುಗಿದಿದ್ದರೆ ಅವಳು ಗೆದ್ದ ಹಾಗೆಯೇ ಆಗುತ್ತಿತ್ತು. ಆದರೆ ಆ ಹೆಂಗಸು ಪಟ್ಟಿಯ ಮೇಲೆ ಪೆನ್ಸಿಲ್ ಇಟ್ಟರು.

"ಪತ್ರಿಕೆಗೆ ಒಂದೇ ಸಲ ಬರೆದಿದೀರಿ. ಈ ಇನ್ನೊಂದು ಸರ್ವರಿಗೆ ಮೂರು ತಿಂಗಳಲ್ಲಿ ಇನ್ನೂರ ಹನ್ನೊಂದು ಸಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಮಲಗೋ ಮುಂಚೆ ಒಂದು. ಹಳೇ ಪುಸ್ತಕಕ್ಕೆ ಬೈಂಡ್ ಹಾಕೋರ ಸರ್ವರ್ ಇದು, ವಿಚಾರಿಸಿದೆ. ಅಲ್ಲಿರೋರು ಹನ್ನೊಂದೇ ಜನ. ಅದರಲ್ಲಿ ಒಬ್ಬರು ನಮ್ಮ ಆಸ್ಪತ್ರೆಯ ದಾಖಲೆ ಕೋಣೇಲಿ ಕೆಲಸ ಮಾಡಿ ಬಿಟ್ಟವರು. ಅವರಿಗೆ ಹೆಂಡತಿ ಇದ್ದಾರೆ, ಅಲ್ವಾ?"

ದೊಡ್ಡಕ್ಕನ ಮುಖ ಸುಣ್ಣವಾಯಿತು. ನಾನು ಅವಳನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ರಕ್ತದ ಬಟ್ಟೆ, ಸತ್ತವರ ಬಟ್ಟೆ ಯಾವುದಕ್ಕೂ ಹಾಗೆ ಆದವಳಲ್ಲ.

"ಆಸ್ಪತ್ರೆಯ ಕಾಗದ ಪತ್ರ ಏನಾದ್ರೂ ಅವರ ಮೂಲಕ ಹೊರಗೆ ಹೋಗಿದೆಯಾ ಅಂತ ಕೇಳಬೇಕಾಗುತ್ತೆ. ಅವರನ್ನ ಕರೆಸ್ತೀವಿ. ಇಲ್ಲಾ, ಏನು ಬರೆದಿದೀರಿ ಅಂತ ನೀವೇ ತೆರೆದು ತೋರಿಸಿ, ಮುಗಿದುಹೋಗುತ್ತೆ."

"ತೋರಿಸಲ್ಲ. ಅವರನ್ನ ಕರೀಬೇಡಿ."

"ಹಾಗಾದ್ರೆ?"

ಹಾಗಾದರೆ ಏನು ಎಂಬುದು ಆಗಲೇ ಟೈಪಾಗಿ ತಯಾರಿತ್ತು. ತಾನಾಗಿಯೇ ಕೆಲಸ ಬಿಡುತ್ತಿದ್ದೇನೆ, ಸಿಗಬೇಕಾದ ಯಾವ ಸವಲತ್ತೂ ಕೇಳುವುದಿಲ್ಲ ಎಂದು. ದೊಡ್ಡಕ್ಕ ಓದದೆ ಸಹಿ ಹಾಕಿದಳು. ಅವಳ ಸಹಿಯ ಕೆಳಗೆ ಸಾಕ್ಷಿ ಎಂದು ನನ್ನ ಸಹಿ. ಮೂವತ್ತೆಂಟು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಅವಳು ಬಾಗಿಲು ದಾಟುವ ಮೊದಲೇ ಇನ್ನೂರ ಹನ್ನೊಂದರ ಕಥೆ ನೆಲಮಾಳಿಗೆಗೆ ಇಳಿದಿತ್ತು. ನಮ್ಮವರೇ, ಗ್ಲೌಸು ಬೇಕೆಂದು ಅವಳ ಹಿಂದೆ ನಿಂತಿದ್ದವರೇ, "ಈ ವಯಸ್ಸಲ್ಲಿ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು.

ನಾನು ಅವಳ ಜೊತೆ ಅಂಗಡಿಗೆ ಹೋದೆ. ಸುದ್ದಿ ಆಗಲೇ ತಲುಪಿ ಚೀಟಿ ಅಣ್ಣ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ.

"ಅಕ್ಕಾ, ನಾನು ನಿನ್ನ ಹೆಸರು ಹೇಳಿಲ್ಲ. ಒಂದಕ್ಷರಾನೂ ಓದಿಲ್ಲ. ಓದಕ್ಕೆ ಆಗೋದೂ ಇಲ್ಲ."

"ಓದಿಲ್ಲ, ಸರಿ. ಗೊತ್ತಿತ್ತಾ?"

"ಅಕ್ಕಾ..."

"ನಾನು ದಿನಾ ಯಾರಿಗೆ ಬರೀತೀನಿ ಅಂತ ನಿನಗೆ ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳು."

ಅವನಿಗೆ ಗೊತ್ತಿತ್ತು. ಮೂರು ತಿಂಗಳು ದಿನಾ ಬೆಳಿಗ್ಗೆ ಮೇಲಿನ ಕೋಣೆಯಿಂದ ಇಳಿದು ಬಂದು ಅಕ್ಕ ಇವನಿಗೆ ಚಹಾ ಕೊಡುತ್ತಿದ್ದಳು. ಇವನು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಲೋಟ ತೆಗೆದುಕೊಂಡಿದ್ದ. ಅದು ಮರ್ಯಾದೆ ಎಂದುಕೊಂಡಿದ್ದ, ಪಾಪ. ದೊಡ್ಡಕ್ಕ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಅವನು ಸರ್ವರನ್ನು ಆರಿಸಿ, ಒಳಗಿನ ಡಿಸ್ಕನ್ನು ಸುತ್ತಿಗೆಯಲ್ಲಿ ಪುಡಿ ಮಾಡಿದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಮ್ಮವರೆಲ್ಲ ಮತ್ತೆ ದೊಡ್ಡ ಕಂಪನಿಯ ಜಾಲಕ್ಕೇ ಹೋದರು. "ಅವರಾದ್ರೆ ಹೊರಗಿನವರು, ನೋಡಿದ್ರೆ ನೋಡ್ಲಿ" ಎಂದಳು ಒಬ್ಬಳು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಚೀಟಿ ಅಣ್ಣ ನನ್ನ ಮನೆಗೆ ಬಂದ. ಗಡ್ಡ ಬಿಟ್ಟಿದ್ದ. "ಅಕ್ಕ ನನ್ನ ಹತ್ರ ಮಾತಾಡ್ತಿಲ್ಲ. ಒಂದು ಸುದ್ದಿ ಹೇಳ್ಬೇಕಿತ್ತು ಅವಳಿಗೆ. ಬೈಂಡಿಂಗ್‌ನವರ ಹೆಂಡ್ತಿಗೆ ಕಾಯಿಲೆ ಜೋರಾಗಿದೆಯಂತೆ. ನೀನು ಹೇಳ್ತೀಯಾ?" ಎಂದ.

ಹೋದೆ. ದೊಡ್ಡಕ್ಕ ಕಿಟಕಿಯ ಹತ್ತಿರ ಕೂತು ಹಳೆ ಹಾಸಿಗೆ ಬಟ್ಟೆಯೊಂದನ್ನು ಹರಿದು ಸಣ್ಣ ಸಣ್ಣ ತುಂಡಾಗಿ ಮಡಚುತ್ತಿದ್ದಳು. ನಾನು ಸುದ್ದಿ ಹೇಳಿದೆ. ಕೈ ನಿಂತಿತು.

"ಹುಣ್ಣು ಮತ್ತೆ ಬಾಯಿಬಿಟ್ಟಿರುತ್ತೆ. ಮೂರು ವರ್ಷದಿಂದ ಹಾಸಿಗೆ ಹಿಡಿದಿದಾರೆ ಆಯಮ್ಮ, ತಾವಾಗಿ ಹೊರಳೋಕಾಗಲ್ಲ. ಯಾವ ಮಗ್ಗುಲಿಗೆ ಎಷ್ಟು ಹೊತ್ತು ಹೊರಳಿಸ್ಬೇಕು, ಸೊಂಟದ ಕೆಳಗೆ ಬಟ್ಟೆ ಹೇಗೆ ಮಡಿಚಿ ಇಡ್ಬೇಕು, ಯಾವ ಸೋಪಲ್ಲಿ ಒಗೆದ್ರೆ ಚರ್ಮ ಉರಿಯಲ್ಲ, ಅದನ್ನೇ ಬರೀತಿದ್ದೆ. ಬೆಳಗ್ಗೆ ಅವರು ಹುಣ್ಣಿನ ಫೋಟೋ ಕಳಿಸ್ತಿದ್ರು. ಅದನ್ನ ಆ ಮೇಜಿನ ಮೇಲೆ ತೆರೆದು ತೋರಿಸ್ಬೇಕಿತ್ತಾ ನಾನು? ಒಬ್ಬ ಹೆಂಗಸಿನ ಬೆತ್ತಲೆ ಸೊಂಟ?"

ಇನ್ನೂರ ಹನ್ನೊಂದು. ಅವಳ ತಪ್ಪಿನಂತೆ ಕಂಡದ್ದಷ್ಟೂ ಬಯಲಿಗೆ ಬಂತು. ತಪ್ಪಿಲ್ಲವೆಂದು ತೋರಿಸುವುದಷ್ಟೇ ಬೀಗದೊಳಗೆ ಭದ್ರವಾಗಿ ಉಳಿಯಿತು. ನನಗೆ ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಈಗಲಾದ್ರೂ ಒಂದು ಮಾತು ಬರೀ ದೊಡ್ಡಕ್ಕ."

"ನಾನೇ ಹೇಳಿದೀನಿ, ಇನ್ನು ಬರೀಬೇಡಿ ಅಂತ. ಅವರ ಹೆಂಡ್ತಿ ಕಿವಿಗೂ ಬಿದ್ದಿದೆಯಂತೆ ಈ ಕಥೆ. ಹುಣ್ಣಿಗೆ ಅಂತ ಹೇಳಿದ್ರೆ ನಂಬ್ತಾರಾ ಈಗ? ಫೋನ್ ಕೈಗೆ ತಗೊಂಡ್ರೆ ಯಾರೋ ಪಕ್ಕದಲ್ಲಿ ಕೂತು ಗಂಟೆ ಬರ್ಕೊಳ್ತಿದಾರೆ ಅನ್ಸುತ್ತೆ."

"ಹಾಗಾದ್ರೆ ನಾನೇ ಹೋಗಿ ಬಾಯಲ್ಲಿ ಹೇಳಿ ಬರ್ತೀನಿ. ಏನು ಮಾಡ್ಬೇಕು ಹೇಳು."

ಅವಳು ನನ್ನ ಮುಖ ನೋಡಿದಳು. "ನೀನು ನನ್ನ ಮನೆಗೆ ಬಂದಿದ್ದನ್ನ ಬೀದಿ ನೋಡಿದೆ. ಇಲ್ಲಿಂದ ಎದ್ದು ನೆಟ್ಟಗೆ ಅವರ ಮನೆಗೆ ಹೋದ್ರೆ ಅದನ್ನೂ ನೋಡುತ್ತೆ. ಸಂಜೆಗೆ ಸೂಪರ್‌ವೈಸರ್ ಕಿವಿಗೆ ಬೀಳುತ್ತೆ. ನಿನ್ನ ಕೆಲಸ ನೋಡ್ಕೋ."

ಆದರೂ ಮಡಚಿದ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿ ನನ್ನ ಮುಂದೆ ಇಟ್ಟಳು. ಹೋಗು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ನಾನು ಚೀಲ ಹಿಡಿದು ಬೀದಿಗಿಳಿದೆ. ಬೈಂಡಿಂಗ್‌ನವರ ಮನೆಯ ತಿರುವಿನಲ್ಲಿ ನಮ್ಮ ವಿಭಾಗದ ಇಬ್ಬರು ಬಸ್ಸಿಗೆ ಕಾಯುತ್ತ ನಿಂತಿದ್ದರು. ಒಬ್ಬಳು ನನಗೆ ಕೈ ಬೀಸಿದಳು. ನಾನೂ ಬೀಸಿ, ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಮನೆಗೆ ಹೋದೆ. ಆಯಮ್ಮ ಅದಾದ ಒಂಬತ್ತನೇ ದಿನ ತೀರಿಕೊಂಡರು.